ಮಳೆ ರಜೆ, ಹೊಸ ಓಟಿಜಿ, ಇಬ್ಬರು ಮಕ್ಕಳು: ಅಡುಗೆಮನೆಗೆ ಬಿಡುವುದೋ ಬೇಡವೋ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಹತ್ತಿರದ ಹಳ್ಳಿ. ಮಗಳಿಗೆ ಒಂಬತ್ತು ವರ್ಷ, ಮಗನಿಗೆ ಐದು. ಮಳೆ ರಜೆ ಕೊಟ್ಟರೆ ಸಾಕು, ಇಬ್ಬರೂ ಅಡುಗೆಮನೆ ಬಿಟ್ಟು ಕದಲುವುದಿಲ್ಲ. ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ ಮಗಳಿಗೆ ಕೇಕ್ ಹುಚ್ಚು ಹಿಡಿದಿದೆ. ಅವಳ ಹಟಕ್ಕೆ ಓಟಿಜಿ (ಕೇಕ್ ಬೇಯಿಸುವ ಕರೆಂಟಿನ ಪುಟ್ಟ ಓವನ್) ಕೂಡ ತಂದಿದ್ದೇವೆ. ಮೊನ್ನೆ ನಾನು ಕೊಟ್ಟಿಗೆಗೆ ಹೋಗಿ ಬರುವಷ್ಟರಲ್ಲಿ ಕೂಗುತ್ತಿದ್ದ ಕುಕ್ಕರಿನ ವೇಟ್ ಎತ್ತಲು ಕೈ ಹಾಕಿದ್ದಳು. ಅತ್ತೆ "ಮಕ್ಕಳನ್ನು ಒಲೆ ಹತ್ತಿರ ಬಿಡಲೇಬೇಡ" ಅನ್ನುತ್ತಾರೆ. ಕಲಿಸಬೇಕು ಅಂತ ನನಗೆ ಆಸೆ, ಭಯವೂ ಇದೆ. ಯಾವ ವಯಸ್ಸಿಗೆ ಏನು ಮಾಡಿಸಬಹುದು? ಕೇಕ್ ಬೇಯುವಾಗ ಕರೆಂಟ್ ಹೋದರೆ ಏನು ಮಾಡಬೇಕು? ಸುಟ್ಟುಕೊಂಡರೆ ಮೊದಲು ಮಾಡಬೇಕಾದ್ದೇನು?

ಉತ್ತರ: ಮಾಡಿಸಿ. ಇಬ್ಬರಿಗೂ ಮಾಡಿಸಿ. ಆದರೆ ಬೆಳಗಿನ ತಿಂಡಿಯ ಗಡಿಬಿಡಿಯಲ್ಲಿ ಬೇಡ, ಕೊಟ್ಟಿಗೆ ಕೆಲಸದ ನಡುವೆ ಬೇಡ, ನೆಂಟರು ಬಂದಾಗ ಅಂತೂ ಬೇಡವೇ ಬೇಡ.

ಇದನ್ನು ಮೊದಲೇ ಹೇಳಲು ಕಾರಣ ಇದೆ. ಶಿವಮೊಗ್ಗದಲ್ಲಿ ಮಕ್ಕಳಿಗೆ ಅಡುಗೆ ಕಲಿಸುವವಳಾಗಿ ನನಗೆ ಅಪ್ಪ ಅಮ್ಮಂದಿರು ಕೇಳುವ ಮೊದಲ ಪ್ರಶ್ನೆ ಚಾಕುವಿನದ್ದು. ಚಾಕುವಿನಿಂದ ಸಾಮಾನ್ಯವಾಗಿ ಬೆರಳು ಕುಯ್ಯುತ್ತದೆ, ಒಂದು ಪಟ್ಟಿ ಸುತ್ತಿದರೆ ನಾಲ್ಕು ದಿನದಲ್ಲಿ ವಾಸಿಯಾಗುತ್ತದೆ. ಚಿಕ್ಕ ಮಕ್ಕಳನ್ನು ನಿಜವಾಗಿ ಆಸ್ಪತ್ರೆ ಸೇರಿಸುವುದು ಬಿಸಿ ನೀರು, ಸಾರು, ಹಾಲು, ಕಾಫಿ. ಅದೂ ಅವರು ಅಡುಗೆ ಮಾಡುವಾಗ ಅಲ್ಲ. ದೊಡ್ಡವರು ಅಡುಗೆ ಮಾಡುತ್ತಿರುವಾಗ, ಮಕ್ಕಳು ಕಾಲಡಿ ಸುಳಿಯುವಾಗ. ಸಾರಿನ ಪಾತ್ರೆ ಹಿಡಿದು ತಿರುಗಿದರೆ ಹಿಂದೆಯೇ ಮಗು ನಿಂತಿರುತ್ತದೆ. ಕಾಫಿ ಲೋಟ ಕಟ್ಟೆಯ ಅಂಚಿನಲ್ಲಿರುತ್ತದೆ, ಐದು ವರ್ಷದವನ ಕೈಗೆ ಅಂಚು ಮಾತ್ರ ಎಟುಕುತ್ತದೆ, ಲೋಟದೊಳಗೆ ಏನಿದೆ ಅಂತ ಕಾಣುವುದಿಲ್ಲ.

ನಿಮ್ಮ ಅತ್ತೆಯ ಮಾತಿನಲ್ಲಿ ಅರ್ಧ ನಿಜ ಇದೆ. ಒಲೆಯಿಂದ ದೂರ ಇಡಿ, ಸರಿ. ಅಡುಗೆಯಿಂದಲೇ ದೂರ ಇಟ್ಟರೆ ಕುತೂಹಲ ಎಲ್ಲೂ ಹೋಗುವುದಿಲ್ಲ, ನೀವಿಲ್ಲದ ಹೊತ್ತು ನೋಡಿ ಕೈ ಹಾಕುತ್ತಾರೆ. ಕುಕ್ಕರ್ ವಿಷಯದಲ್ಲಿ ಆಗಿದ್ದು ಅದೇ ಅಲ್ವಾ?

ಹಾಗಾಗಿ ಎರಡು ಹೊತ್ತು ಬೇರೆ ಮಾಡಿಕೊಳ್ಳಿ. ಮನೆಯವರ ಊಟಕ್ಕೆ ನೀವು ಅಡುಗೆ ಮಾಡುವ ಹೊತ್ತಿನಲ್ಲಿ ಮಕ್ಕಳು ಒಲೆಯಿಂದ ಮೂರಡಿ ಆಚೆ. ನೆಲದ ಮೇಲೆ ಬಣ್ಣದ ಟೇಪಿನಲ್ಲೋ ಸೀಮೆಸುಣ್ಣದಲ್ಲೋ ಒಂದು ಗೆರೆ ಎಳೆದುಬಿಡಿ. ಸುಮ್ನೆ ಬಾಯಲ್ಲಿ "ದೂರ ಹೋಗು" ಅಂದರೆ ಐದು ವರ್ಷದವನಿಗೆ ದೂರ ಅಂದರೆ ಎಷ್ಟು ಅಂತ ತಿಳಿಯುವುದಿಲ್ಲ, ಗೆರೆ ಅಂದರೆ ತಿಳಿಯುತ್ತದೆ. ಇನ್ನೊಂದು ಹೊತ್ತು ಮಕ್ಕಳ ಅಡುಗೆಯದ್ದು, ಮಧ್ಯಾಹ್ನದ ಊಟ ಮುಗಿದು ಪಾತ್ರೆ ತೊಳೆದಾದ ಮೇಲೆ. ಆಗ ಒಲೆ ಮೇಲೆ ಬೇರೆ ಏನೂ ಇರಬಾರದು, ನಿಮ್ಮ ಕೈಯಲ್ಲಿ ಮೊಬೈಲ್ ಇರಬಾರದು.

ಬಿಸಿ ನೀರಿನ ಬಗ್ಗೆ ಒಂದು ಲೆಕ್ಕ ತಿಳಿದಿರಲಿ. ನೀರು ಕುದಿಯಲೇಬೇಕು ಅಂತ ಇಲ್ಲ. 60 ಡಿಗ್ರಿಯ ನೀರು ದೊಡ್ಡವರ ಚರ್ಮವನ್ನೇ ಐದಾರು ಸೆಕೆಂಡಿನಲ್ಲಿ ಆಳವಾಗಿ ಸುಡುತ್ತದೆ. ಮಕ್ಕಳ ಚರ್ಮ ತೆಳು, ಅವರಿಗೆ ಅಷ್ಟು ಹೊತ್ತೂ ಬೇಡ. ನಮ್ಮ ಕಡೆ ಮನೆಗಳಲ್ಲಿ ಬಚ್ಚಲ ಹಂಡೆ ಬೆಳಗಿನಿಂದ ರಾತ್ರಿವರೆಗೆ ಕಾಯುತ್ತಲೇ ಇರುತ್ತದೆ. ಮಳೆಗಾಲದಲ್ಲಿ ಬೆಚ್ಚಗಿರುತ್ತದೆ ಅಂತ ಮಕ್ಕಳು ಬಚ್ಚಲೊಲೆ ಮುಂದೆಯೇ ಕೂತು ಬೀಜ ಸುಡುತ್ತಾರೆ. ಅಡುಗೆಮನೆಗೆ ಎಷ್ಟು ನಿಯಮ ಹಾಕಿದರೂ ಬಚ್ಚಲಿಗೆ ಹಾಕದಿದ್ದರೆ ಏನೂ ಉಪಯೋಗ ಇಲ್ಲ. ಹಂಡೆಗೆ ಮುಚ್ಚಳ ಇರಲಿ, ಬಕೆಟ್‌ಗೆ ಮೊದಲು ತಣ್ಣೀರು, ಆಮೇಲೆ ಬಿಸಿ ನೀರು. ಅಡಿಕೆ ಸುಗ್ಗಿ ಬಂದಾಗ ಅಂಗಳದಲ್ಲಿ ಅಡಿಕೆ ಬೇಯಿಸುವ ಹಂಡೆಗೂ ಇದೇ ಮಾತು. ಆ ಹೊತ್ತಿಗೆ ಎಲ್ಲರೂ ದುಡಿಯುತ್ತಿರುತ್ತಾರೆ, ಮಕ್ಕಳನ್ನು ನೋಡಿಕೊಳ್ಳುವವರು ಯಾರೂ ಇರುವುದಿಲ್ಲ.

ಅಡುಗೆಮನೆಯಲ್ಲಿ ಬಿಸಿ ಪಾತ್ರೆ ಯಾವಾಗಲೂ ಹಿಂದಿನ ಬರ್ನರ್ ಮೇಲೆ, ಹಿಡಿ ಒಳಮುಖವಾಗಿ. ಗಂಜಿ ಬಸಿಯುವಾಗ ಮಕ್ಕಳು ಒಳಗಿದ್ದರೆ "ಬಿಸಿ ಬಂತು" ಅಂತ ಜೋರಾಗಿ ಹೇಳಿಯೇ ಪಾತ್ರೆ ಎತ್ತಿ. ನನ್ನ ತರಗತಿಯಲ್ಲಿ ದೊಡ್ಡವರೂ ಹೇಳಲೇಬೇಕು. ಮೊದಮೊದಲು ನಗು ಬರುತ್ತದೆ, ಆಮೇಲೆ ಬಾಯಿಗೆ ತಾನೇ ಬರುತ್ತದೆ.

ಇನ್ನು ಕುಕ್ಕರ್. ನಿಮ್ಮ ಮಗಳಿಗೆ ಬೈಯುವ ಬದಲು ಒಳಗೆ ಏನಾಗುತ್ತಿದೆ ಅಂತ ವಿವರಿಸಿ, ಒಂಬತ್ತು ವರ್ಷಕ್ಕೆ ಚೆನ್ನಾಗಿ ಅರ್ಥವಾಗುತ್ತದೆ. ತೆರೆದ ಪಾತ್ರೆಯಲ್ಲಿ ನೀರು 100 ಡಿಗ್ರಿಯ ಆಸುಪಾಸಿನಲ್ಲಿ ಕುದಿಯುತ್ತದೆ. ಕುಕ್ಕರಿನಲ್ಲಿ ಆವಿ ಹೊರಗೆ ಹೋಗಲು ಬಿಡದೆ ಒತ್ತಡ ಏರಿಸುತ್ತೇವೆ, ಹಾಗಾಗಿ ಒಳಗಿನ ಶಾಖ 120 ಡಿಗ್ರಿಯ ಹತ್ತಿರ ಹೋಗುತ್ತದೆ. ವೇಟ್ ಎತ್ತಿದರೆ ಅಷ್ಟೂ ಆವಿ ಒಂದೇ ರಂಧ್ರದಲ್ಲಿ ನುಗ್ಗುತ್ತದೆ, ಬೇಳೆ ತುಂಬಿದ್ದರೆ ಬೇಳೆಯ ನೀರೂ ಜೊತೆಗೆ ಬರುತ್ತದೆ. ಮುಚ್ಚಳ ಒಳಗಿನಿಂದ ಕೂರುವ ಕುಕ್ಕರಾದರೆ ಒತ್ತಡ ಇಳಿಯದೆ ಮುಚ್ಚಳ ಬಿಡುವುದಿಲ್ಲ. ಹೊರಗಿನಿಂದ ತಿರುಗಿಸಿ ಹಾಕುವ ಮುಚ್ಚಳಕ್ಕೆ ಬಲ ಹಾಕಿದರೆ ಒಳಗೆ ಒತ್ತಡ ಇರುವಾಗಲೇ ಹಾರಿಬರಬಹುದು. ಒಂಬತ್ತರ ಹುಡುಗಿಗೆ ಕೊಡಬಹುದಾದ ಕುಕ್ಕರ್ ಕೆಲಸ ಒಂದೇ: ಗೆರೆಯಾಚೆ ನಿಂತು ಎಷ್ಟು ಸಲ ಕೂಗಿತು ಅಂತ ಎಣಿಸಿ ನಿಮಗೆ ಹೇಳುವುದು. ಹುರುಪಿನಿಂದಲೇ ಮಾಡುತ್ತಾಳೆ, ನೋಡಿ.

ಹಾಗಾದರೆ ಏನು ಮಾಡಿಸಬಹುದು? ವಯಸ್ಸಿಗಿಂತ ಮಗುವಿನ ಸ್ವಭಾವ ಮುಖ್ಯ. ಹೇಳಿದ್ದು ಕೇಳಿ ನಿಲ್ಲುವ ಏಳು ವರ್ಷದ ಮಗುವಿಗೆ ಕೊಡುವ ಕೆಲಸವನ್ನು ಕುಣಿಯುತ್ತಲೇ ಇರುವ ಹನ್ನೊಂದರ ಹುಡುಗನಿಗೆ ನಾನು ಕೊಡುವುದಿಲ್ಲ. ಆದರೂ ನೀವು ಕೇಳಿದ್ದೀರಿ, ನಿಮ್ಮ ಮನೆ ಲೆಕ್ಕದಲ್ಲೇ ಹೇಳುತ್ತೇನೆ.

ಐದರ ಮಗನಿಗೆ ಬೆಂಕಿ ಇಲ್ಲದ, ಅಲಗು ಇಲ್ಲದ ಕೆಲಸ ಬೇಕಾದಷ್ಟಿದೆ. ತೋಟದಿಂದ ತಂದ ಒಂದೆಲಗ ತೊಳೆದು ದಂಟು ಬಿಡಿಸಲಿ. ತಂಬುಳಿಗೆ ಒಲೆಯೇ ಬೇಡ ಅಂದರೂ ನಡೆಯುತ್ತದೆ, ಒಗ್ಗರಣೆ ನೀವು ಆಮೇಲೆ ಹಾಕಿಕೊಳ್ಳಿ. ಕೊತ್ತಂಬರಿ ಹರಿಯುವುದು, ಬೆಳ್ಳುಳ್ಳಿ ಬಿಡಿಸುವುದು, ಕೋಸಂಬರಿ ಕಲಸುವುದು, ಪಾನಕಕ್ಕೆ ಬೆಲ್ಲ ಕರಗಿಸುವುದು, ಬಾಳೆಹಣ್ಣು ಕಿವುಚುವುದು. ಬೇಸಿಗೆಯಾದರೆ ಹಲಸಿನ ಹಪ್ಪಳ ತಟ್ಟುವುದು, ಚಾಪೆ ಮೇಲೆ ಹರಡುವುದು. ಈ ಕಡೆ ಮಕ್ಕಳು ತಲೆತಲಾಂತರದಿಂದ ಮಾಡಿಕೊಂಡು ಬಂದ ಕೆಲಸ ಅದು, ಹಿಟ್ಟು ಕದ್ದು ತಿನ್ನುವುದೂ ಸೇರಿ. ಅಕ್ಕಿ ರೊಟ್ಟಿಯನ್ನು ಬಾಳೆ ಎಲೆ ಮೇಲೆ ತಟ್ಟಲಿ, ಕಾವಲಿ ಮೇಲೆ ನೀವು ಹಾಕಿ. ಬಿಸಿ ಕಾವಲಿ ಮೇಲೆ ನೇರವಾಗಿ ರೊಟ್ಟಿ ತಟ್ಟುವ ಅಭ್ಯಾಸ ನಮಗಿರಬಹುದು, ಮಕ್ಕಳೆದುರು ಅದನ್ನು ಮಾಡಿ ತೋರಿಸಬೇಡಿ. ಅವರು ಕೈ ಇಟ್ಟೇ ನೋಡುತ್ತಾರೆ.

ಕೆಲವು ಪದಾರ್ಥ ನೋಡಿಕೊಳ್ಳಬೇಕು. ಪತ್ರೊಡೆಗೆ ತಂದ ಹಸಿ ಕೆಸುವಿನ ಎಲೆಯಲ್ಲಿ ಸೂಜಿಯಂಥ ಸಣ್ಣ ಹರಳುಗಳಿರುತ್ತವೆ, ಅದಕ್ಕೇ ತುರಿಕೆ. ಎಲೆಯ ನಾರು ತೆಗೆಯುವ ಕೆಲಸ ಮಕ್ಕಳಿಗೆ ಬೇಡ. ಹಸಿ ಎಲೆ ಬಾಯಿಗಿಟ್ಟರೆ ನಾಲಿಗೆ, ಗಂಟಲು ಉರಿದು ಊದಿಕೊಳ್ಳಬಹುದು. ಕಳಲೆಯನ್ನು, ಅಂದರೆ ಎಳೆ ಬಿದಿರನ್ನು, ಹಸಿಯಾಗಿ ಕಚ್ಚಿ ನೋಡಲು ಬಿಡಬೇಡಿ. ಎರಡು ಮೂರು ದಿನ ನೀರು ಬದಲಿಸಿ ನೆನೆಸುವುದು ಸುಮ್ಮನೆ ಬಂದ ಪದ್ಧತಿ ಅಲ್ಲ, ಹಸಿ ಕಳಲೆಯಲ್ಲಿ ಸಯನೈಡ್ ಬಿಡುಗಡೆ ಮಾಡುವ ಅಂಶ ಇರುತ್ತದೆ. ಮಳೆಗೆ ಎದ್ದ ಅಣಬೆ ಮಕ್ಕಳು ಕಿತ್ತು ತಂದರೆ, ಎಷ್ಟೇ ಚೆಂದ ಇರಲಿ, ಪಾತ್ರೆಗೆ ಹಾಕಬೇಡಿ. ಮೆಣಸಿನಕಾಯಿ ಮುಟ್ಟಿದ ಕೈ ಕಣ್ಣಿಗೆ ಹೋಗುವುದಂತೂ ದಿನನಿತ್ಯದ ಕತೆ. ಅದರ ಖಾರ ನೀರಿಗೆ ಕರಗುವುದಿಲ್ಲ, ಎಣ್ಣೆಗೆ ಕರಗುತ್ತದೆ. ಕೈಗೆ ಮೊದಲು ಕೊಬ್ಬರಿ ಎಣ್ಣೆ ಹಚ್ಚಿ ಉಜ್ಜಿ, ಆಮೇಲೆ ಸೋಪು. ಕಣ್ಣಿಗೆ ಮಾತ್ರ ಎಣ್ಣೆ ಗಿಣ್ಣೆ ಬೇಡ, ಶುದ್ಧ ನೀರು ಬಿಡುತ್ತಾ ಇರಿ.

ಒಂಬತ್ತರ ಮಗಳಿಗೆ ಚಾಕು ಕೊಡಿ. ಮೆಟ್ಟುಗತ್ತಿ (ಈಳಿಗೆಮಣೆ) ಬೇಡ. ನಾವೆಲ್ಲ ಮೆಟ್ಟುಗತ್ತಿಯಲ್ಲೇ ಕಲಿತವರು ಅನ್ನುವುದು ನಿಜ, ಆದರೆ ಅದರಲ್ಲಿ ಅಲಗು ಸುಮ್ಮನಿರುತ್ತದೆ, ಕೈ ಅಲಗಿನ ಕಡೆಗೆ ಹೋಗುತ್ತದೆ. ಅಲ್ಲದೆ ಅದು ನೆಲದ ಮೇಲಿರುತ್ತದೆ, ಐದು ವರ್ಷದವನು ಓಡಾಡುವುದೂ ಅದೇ ನೆಲದ ಮೇಲೆ. ಕೆಲಸ ಮುಗಿದ ಕೂಡಲೇ ಮಡಚಿ ಮೇಲಿಡಿ. ಹೆರೆಮಣೆಗೂ ಅಷ್ಟೇ.

ಚಾಕು ಚಿಕ್ಕದಿರಲಿ, ಚೂಪಾಗಿರಲಿ. ಮೊಂಡು ಚಾಕುವೇ ಜಾಸ್ತಿ ಅಪಾಯ, ಯಾಕೆಂದರೆ ಬಲ ಹಾಕಬೇಕಾಗುತ್ತದೆ, ಬಲ ಹಾಕಿದಾಗ ಜಾರುತ್ತದೆ. ಮಣೆಯ ಕೆಳಗೆ ಒದ್ದೆ ಬಟ್ಟೆ ಹಾಸಿದರೆ ಮಣೆ ಅಲುಗುವುದಿಲ್ಲ. ಸೌತೆಕಾಯಿಯನ್ನು ನೀವು ಉದ್ದಕ್ಕೆ ಸೀಳಿ ಚಪ್ಪಟೆ ಭಾಗ ಕೆಳಗೆ ಮಾಡಿ ಕೊಡಿ, ಉರುಳುವ ತರಕಾರಿ ಮಕ್ಕಳಿಗೆ ಬೇಡ. ತರಕಾರಿ ಹಿಡಿಯುವ ಕೈಯ ಬೆರಳ ತುದಿ ಒಳಗೆ ಮಡಚಿರಬೇಕು, ಬೆರಳ ಗೆಣ್ಣು ಮುಂದೆ, ತುದಿ ಹಿಂದೆ. ಹೆಬ್ಬೆರಳು ಎಲ್ಲಕ್ಕಿಂತ ಹಿಂದೆ. ಮೊದಲ ದಿನ ಅವಳಿಗೆ ಕಷ್ಟ ಅನಿಸುತ್ತದೆ, ಬೆರಳು ಮತ್ತೆ ಮತ್ತೆ ಚಾಚುತ್ತದೆ. ಆಗ "ಬೆರಳು" ಅಂತ ಒಂದೇ ಮಾತು ಹೇಳಿ. ಕೈ ಹಿಡಿದು ಎಳೆಯಬೇಡಿ, ಆ ಗಾಬರಿಯಲ್ಲೇ ಕುಯ್ದುಕೊಳ್ಳುತ್ತಾರೆ.

ಒಲೆ ಕೆಲಸಕ್ಕೆ ಒಂಬತ್ತು ವರ್ಷ ಶುರು ಮಾಡುವ ವಯಸ್ಸು, ಒಬ್ಬಳನ್ನೇ ಬಿಡುವ ವಯಸ್ಸು ಅಲ್ಲ. ನೀವು ಪಕ್ಕದಲ್ಲಿ, ಸಣ್ಣ ಉರಿ, ಚಪ್ಪಟೆ ಕಾವಲಿ, ದೋಸೆ ಮಗುಚುವುದು. ಅಲುಗಾಡುವ ಸ್ಟೂಲ್ ಬೇಡ, ಅಗಲವಾದ ಗಟ್ಟಿ ಮಣೆ ಇರಲಿ. ಕೂದಲು ಕಟ್ಟಿರಬೇಕು. ಮಳೆ ದಿನ ಅಂತ ಹಾಕಿಕೊಂಡ ನೈಲಾನ್ ಜರ್ಕಿನ್, ತೂಗಾಡುವ ಶಾಲು ತೆಗೆಸಿ, ಹತ್ತಿ ಬಟ್ಟೆ ಹಾಕಿಸಿ. ನೈಲಾನ್ ಉರಿದರೆ ಕರಗಿ ಚರ್ಮಕ್ಕೆ ಅಂಟುತ್ತದೆ.

ಕರಿಯುವುದು ಮತ್ತು ಪಾಕ, ಇವೆರಡೂ ಹೈಸ್ಕೂಲು ದಾಟುವವರೆಗೆ ಬೇಡ ಅನ್ನುವವಳು ನಾನು. ಕಾದ ಎಣ್ಣೆ 180 ಡಿಗ್ರಿ ಹತ್ತಿರ ಇರುತ್ತದೆ. ಒದ್ದೆ ಕೈಯ ಒಂದು ಹನಿ ಬಿದ್ದರೂ ಅದು ಕೂಡಲೇ ಆವಿಯಾಗಿ ಎಣ್ಣೆಯನ್ನು ಮೇಲಕ್ಕೆ ಸಿಡಿಸುತ್ತದೆ. ಬೆಲ್ಲದ ಪಾಕ ಕುದಿಯುವ ನೀರಿಗಿಂತ ಬಿಸಿ, ಮೇಲಾಗಿ ಚರ್ಮಕ್ಕೆ ಅಂಟಿಕೊಂಡು ಸುಡುತ್ತಲೇ ಇರುತ್ತದೆ. ಆಲೆಮನೆಗೆ ಮಕ್ಕಳನ್ನು ಕರೆದುಕೊಂಡು ಹೋದಾಗಲೂ ಕೊಪ್ಪರಿಗೆಯ ಬುಡಕ್ಕೆ ಬಿಡಬೇಡಿ. ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಎರಚಲೇಬಾರದು. ಗ್ಯಾಸ್ ಆರಿಸಿ, ಪಕ್ಕದಿಂದ ಮುಚ್ಚಳ ಸರಿಸಿ ಮುಚ್ಚಿ, ತಣ್ಣಗಾಗುವವರೆಗೆ ತೆಗೆಯಬೇಡಿ. ಇದನ್ನು ಮಗಳಿಗೂ ಈಗಲೇ ಹೇಳಿಕೊಟ್ಟಿರಿ. ಆದರೆ ಅವಳ ಕೆಲಸ ಕೂಗಿ ಕರೆಯುವುದು, ಬೆಂಕಿ ಆರಿಸುವುದು ಅಲ್ಲ.

ಮಿಕ್ಸಿ ಬಗ್ಗೆ ಎರಡೇ ಮಾತು. ಬಿಸಿ ಪದಾರ್ಥ ಹಾಕಿ ತಿರುಗಿಸಿದರೆ ಆವಿ ಮುಚ್ಚಳವನ್ನು ಹಾರಿಸುತ್ತದೆ, ಆರಿದ ಮೇಲೇ ರುಬ್ಬಿ. ಜಾರಿನೊಳಗೆ ಕೈ ಹಾಕುವ ಮುಂಚೆ ಪ್ಲಗ್ ಕಿತ್ತಿರಬೇಕು, ಸ್ವಿಚ್ ಆಫ್ ಮಾಡಿದರೆ ಸಾಲದು.

ಈಗ ಓಟಿಜಿಗೆ ಬರೋಣ. ಕೇಕ್ ಹಿಟ್ಟು ಕಲಸುವ ತನಕ ಎಲ್ಲವೂ ಮಕ್ಕಳ ಕೆಲಸ, ಓಟಿಜಿ ಬಾಗಿಲು ಮಾತ್ರ ನಿಮ್ಮದು. ಒಂಬತ್ತು ವರ್ಷಕ್ಕೆ ಇದರಲ್ಲಿ ರಿಯಾಯಿತಿ ಇಲ್ಲ.

ಅದಕ್ಕೂ ಮೊದಲು ಪ್ಲಗ್ ನೋಡಿ. ಓಟಿಜಿ ಸಾಮಾನ್ಯವಾಗಿ ಸಾವಿರದ ಇನ್ನೂರು ವ್ಯಾಟ್‌ನಿಂದ ಎರಡು ಸಾವಿರದ ತನಕ ಎಳೆಯುತ್ತದೆ, 16 ಆಂಪಿಯರ್‌ನ ದೊಡ್ಡ ಸಾಕೆಟ್ಟಿಗೇ ಹಾಕಬೇಕು. ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿದರೆ ವೈರ್ ಕಾಯುತ್ತದೆ. ಹಳೆಯ ಮನೆಗಳಲ್ಲಿ ಅರ್ಥಿಂಗ್ ಸರಿ ಇರುವುದಿಲ್ಲ, ಮಳೆಗಾಲದಲ್ಲಿ ಗೋಡೆ, ನೆಲ ಎರಡೂ ತೇವ. ಓಟಿಜಿ ಮುಟ್ಟಿದಾಗ ಸ್ವಲ್ಪ ಜುಮ್ಮೆಂದರೂ ಅದನ್ನು ಅಲ್ಲಿಗೇ ನಿಲ್ಲಿಸಿ ಎಲೆಕ್ಟ್ರಿಷಿಯನ್ ಕರೆಸಿ. ಮೇನ್ ಬೋರ್ಡಿಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಹಾಕಿಸಿದರೆ ಕರೆಂಟ್ ಮೈಗೆ ಹರಿದಾಗ ಕೂಡಲೇ ಕಡಿದುಬಿಡುತ್ತದೆ. ಕೇಕ್ ಟಿನ್ನು, ಬೀಟರ್ ಅಂತ ಖರ್ಚು ಮಾಡುವ ಮುಂಚೆ ಇದಕ್ಕೆ ಖರ್ಚು ಮಾಡಿ.

ತಕ್ಕಡಿಯ ವಿಷಯ ನಮ್ಮ ಕಡೆಯವರಿಗೆ ಒತ್ತಿ ಹೇಳಲೇಬೇಕು. ಕೇಕಿಗೆ ತೂಕ ಬೇಕು ಅಂತ ಮನೆಯಲ್ಲಿದ್ದ ತಕ್ಕಡಿಯನ್ನೇ ಮಕ್ಕಳು ಹುಡುಕಿ ತರುತ್ತಾರೆ. ಅದು ಅಡಿಕೆಯ ಕೊಳೆ ರೋಗದ ಔಷಧಿಗೆ ಮೈಲುತುತ್ತ (ಕಾಪರ್ ಸಲ್ಫೇಟ್) ತೂಗಿದ ತಕ್ಕಡಿ ಆಗಿರಬಹುದು. ಬೋರ್ಡೋ ದ್ರಾವಣ ಅನ್ನುವ ಆ ಔಷಧಿಗೆ ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ ತೂಗುತ್ತೇವಲ್ಲ, ಆ ತಟ್ಟೆ, ಆ ಮಗ್, ಆ ಬಕೆಟ್ ಯಾವುದೂ ಅಡುಗೆಮನೆಗೆ ಬರಬಾರದು. ಅಡುಗೆಯ ತಕ್ಕಡಿ ಬೇರೆ ಇರಲಿ, ಅದು ತೋಟದ ಕೆಲಸಕ್ಕೆ ಹೋಗದಿರಲಿ. ಮೈಲುತುತ್ತದ ನೀಲಿ ಹರಳು ನೋಡಲು ಬಣ್ಣದ ಕಲ್ಲುಸಕ್ಕರೆ ಇದ್ದ ಹಾಗೇ ಇರುತ್ತದೆ, ಐದು ವರ್ಷದವನು ಬಾಯಿಗೆ ಹಾಕದೆ ಬಿಡುತ್ತಾನಾ? ಬೀಗ ಹಾಕಿಡಿ. ಕಳೆ ಕಟರಿನ ಪೆಟ್ರೋಲ್, ಸೀಮೆಎಣ್ಣೆ, ಫಿನಾಯಿಲ್ ಇವನ್ನು ಜ್ಯೂಸ್ ಬಾಟಲಿಯಲ್ಲಿ ತುಂಬಿಡುವ ಅಭ್ಯಾಸವನ್ನೂ ಬಿಡಿ. ಮಗು ಸೀಮೆಎಣ್ಣೆ ಕುಡಿದರೆ ವಾಂತಿ ಮಾಡಿಸಲು ಹೋಗಬೇಡಿ, ಅದು ಶ್ವಾಸಕೋಶಕ್ಕೆ ಇಳಿದರೆ ಇನ್ನೂ ಕಷ್ಟ. ನೇರ ಆಸ್ಪತ್ರೆಗೆ ಹೋಗಿ.

ಹಸಿ ಕೇಕ್ ಹಿಟ್ಟು ನೆಕ್ಕುವುದು ಎಲ್ಲ ಮಕ್ಕಳಿಗೂ ಇಷ್ಟ. ಹಸಿ ಮೊಟ್ಟೆಯಲ್ಲಿ ಸಾಲ್ಮೊನೆಲ್ಲಾ ಇರಬಹುದು ಅಂತ ಹಲವರಿಗೆ ಗೊತ್ತು. ಮೈದಾ, ಗೋಧಿ ಹಿಟ್ಟು ಕೂಡ ಬೇಯಿಸದ ಪದಾರ್ಥವೇ, ಅದರಲ್ಲೂ ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ಇರಬಹುದು ಅನ್ನುವುದು ಅಷ್ಟಾಗಿ ಗೊತ್ತಿಲ್ಲ. ಹಾಗಾಗಿ ಮೊಟ್ಟೆ ಹಾಕದ ಕೇಕಾದರೂ ಹಸಿ ಹಿಟ್ಟು ಬೇಡ. ಬದಲಿಗೆ ಒಂದು ಬಾಳೆಹಣ್ಣು, ಚೂರು ಬೆಲ್ಲ ಪಕ್ಕಕ್ಕೆ ತೆಗೆದಿಟ್ಟು ಅದನ್ನು ಕೊಡಿ, ಜಗಳ ಮುಗಿಯುತ್ತದೆ.

ಮೊದಲ ಕೇಕಿಗೆ ಕ್ರೀಮ್, ಬಣ್ಣ ಎಲ್ಲ ಬೇಡ. ಒಂದೂವರೆ ಕಪ್ ಗೋಧಿ ಹಿಟ್ಟು, ಒಂದು ಚಮಚ ಬೇಕಿಂಗ್ ಪೌಡರ್, ಅರ್ಧ ಚಮಚ ಸೋಡಾ, ಚಿಟಿಕೆ ಉಪ್ಪು ಇಷ್ಟನ್ನು ಮಗಳು ಜರಡಿ ಹಿಡಿಯಲಿ. ಚಮಚ ಅಂದರೆ ಟೀ ಚಮಚ. ಚೆನ್ನಾಗಿ ಕಳಿತ ಐದಾರು ಏಲಕ್ಕಿ ಬಾಳೆಹಣ್ಣನ್ನು ಮಗ ಕಿವುಚಲಿ. ಅದಕ್ಕೆ ಮುಕ್ಕಾಲು ಕಪ್ ಬೆಲ್ಲದ ಪುಡಿ, ಅರ್ಧ ಕಪ್ ಮೊಸರು, ಕಾಲು ಕಪ್ಪಿಗಿಂತ ಸ್ವಲ್ಪ ಜಾಸ್ತಿ ಎಣ್ಣೆ, ಏಲಕ್ಕಿ ಪುಡಿ. ಎರಡನ್ನೂ ಸೇರಿಸಿ ಹದವಾಗಿ ಕಲಸಿ, ಗಟ್ಟಿ ಅನಿಸಿದರೆ ಸ್ವಲ್ಪ ಹಾಲು. ಜಾಸ್ತಿ ತಿರುಗಿಸಿದರೆ ಕೇಕ್ ರಬ್ಬರಿನಂತಾಗುತ್ತದೆ, ಮಕ್ಕಳಿಗೆ ನಿಲ್ಲಿಸು ಅನ್ನುವುದೇ ಕಷ್ಟ. 180 ಡಿಗ್ರಿಗೆ ಮೊದಲೇ ಕಾದ ಓಟಿಜಿಯಲ್ಲಿ ನಲವತ್ತು, ನಲವತ್ತೈದು ನಿಮಿಷ. ಕಡ್ಡಿ ಚುಚ್ಚಿದರೆ ಹಿಟ್ಟು ಅಂಟದೆ ಬರಬೇಕು.

ಟಿನ್ ಹೊರಗೆ ತೆಗೆಯುವ ಹೊತ್ತೇ ಎಲ್ಲಕ್ಕಿಂತ ಸೂಕ್ಷ್ಮ. ಬಾಗಿಲು ತೆಗೆಯುವ ಮುಂಚೆ ಟಿನ್ ಇಡುವ ಜಾಗ ಖಾಲಿ ಮಾಡಿ, ಅಲ್ಲಿ ಮರದ ಮಣೆ ಹಾಕಿ. ಕೈಯಲ್ಲಿ ಬಿಸಿ ಟಿನ್ ಹಿಡಿದು ಜಾಗ ಹುಡುಕುವಾಗಲೇ ಎಡವಟ್ಟು ಆಗುವುದು. ಮಕ್ಕಳಿಬ್ಬರೂ ಗೆರೆಯಾಚೆ ಕೂರಲಿ. ಬಾಗಿಲು ತೆಗೆದ ಕೂಡಲೇ ಬಗ್ಗಬೇಡಿ, ಬಿಸಿ ಗಾಳಿ ಮುಖಕ್ಕೆ ಬಡಿಯುತ್ತದೆ, ಎರಡು ಕ್ಷಣ ನಿಲ್ಲಿ. ಕೈಗವಸು ಅಥವಾ ದಪ್ಪ ಮಸಿಬಟ್ಟೆ ಒಣಗಿರಬೇಕು. ಒದ್ದೆ ಬಟ್ಟೆಯಲ್ಲಿ ಹಿಡಿದರೆ ಅದರ ನೀರೇ ಆವಿಯಾಗಿ ಕೈ ಸುಡುತ್ತದೆ. ಮಳೆಗಾಲದಲ್ಲಿ ನಮ್ಮ ಮನೆಗಳಲ್ಲಿ ಒಣಗಿದ ಬಟ್ಟೆ ಸಿಗುವುದೇ ಕಷ್ಟ, ಹಾಗಾಗಿ ಒಂದನ್ನು ಇದಕ್ಕೇ ಅಂತ ಡಬ್ಬದಲ್ಲಿ ಹಾಕಿಡಿ. ಟಿನ್ ಇಟ್ಟ ಮೇಲೆ ಅದರ ಮೇಲೊಂದು ಬಟ್ಟೆ ಹೊದಿಸಿ. ಬಿಸಿ ಟಿನ್ನೂ ತಣ್ಣಗಿನ ಟಿನ್ನೂ ನೋಡಲು ಒಂದೇ ತರ. "ಬಟ್ಟೆ ಹೊದ್ದಿದ್ದರೆ ಮುಟ್ಟಬಾರದು" ಅನ್ನುವುದನ್ನು ಐದರ ಹುಡುಗನೂ ನೆನಪಿಡುತ್ತಾನೆ. ಓಟಿಜಿಯ ಗಾಜು ಆರಿಸಿದ ಮೇಲೂ ಬಹಳ ಹೊತ್ತು ಬಿಸಿ ಇರುತ್ತದೆ, ಅದಕ್ಕೂ ಒಂದು ಕಾವಲು ಬೇಕು.

ಕರೆಂಟ್ ಹೋದರೆ? ನಮ್ಮ ಕಡೆ ಆಷಾಢ, ಶ್ರಾವಣದಲ್ಲಿ ಅದು "ಹೋದರೆ" ಅಲ್ಲ, "ಹೋದಾಗ". ಮೊದಲು ಗೋಡೆಯ ಸ್ವಿಚ್ ಆಫ್ ಮಾಡಿ, ವಾಪಸ್ ಬರುವಾಗ ವೋಲ್ಟೇಜ್ ಏರುಪೇರಾಗಬಹುದು. ಬಾಗಿಲು ತೆಗೆಯಬೇಡಿ. ಅರ್ಧಗಂಟೆ ದಾಟಿ ಮೇಲೆ ಗಟ್ಟಿಯಾಗಿದ್ದರೆ ಒಳಗಿನ ಕಾವಿನಲ್ಲೇ ಬಹುಪಾಲು ಬೆಂದುಬಿಡುತ್ತದೆ. ಈಗಷ್ಟೇ ಇಟ್ಟಿದ್ದರೆ ಹಿಟ್ಟನ್ನು ಕಾಯಿಸಿಕೊಂಡು ಕೂರಬೇಡಿ. ಸೋಡಾ ಮೊಸರಿನ ಜೊತೆ ಸೇರಿದಾಗಲೇ ಕೆಲಸ ಶುರು ಮಾಡಿರುತ್ತದೆ, ತಡವಾದಷ್ಟೂ ಉಬ್ಬುವುದು ಕಮ್ಮಿ. ಗ್ಯಾಸ್ ಮೇಲೆ ದಪ್ಪ ತಳದ ಡಬರಿ ಇಟ್ಟು, ಉಪ್ಪು ಹರಡಿ, ಒಂದು ಸ್ಟ್ಯಾಂಡ್ ಇಟ್ಟು ಅದರ ಮೇಲೆ ಟಿನ್ ಇಟ್ಟು ಮುಚ್ಚಿ, ಸಣ್ಣ ಉರಿಯಲ್ಲಿ ಬೇಯಿಸಿ. ಟಿನ್ ಬದಲಿಸುವುದು ನೀವೇ. ಕುಕ್ಕರಿನಲ್ಲಿ ನೀರಿಲ್ಲದೆ ಕೇಕ್ ಮಾಡುವವರಿದ್ದಾರೆ, ನನಗೆ ಅದು ಅಷ್ಟು ಸರಿ ಕಾಣುವುದಿಲ್ಲ. ಮುಚ್ಚಳದ ಸೇಫ್ಟಿ ವಾಲ್ವ್ ಅತಿ ಕಾವಿಗೆ ಕರಗುವಂತೆಯೇ ಮಾಡಿರುವುದು. ಹಾಗೆ ನೀರಿಲ್ಲದೆ ಕಾಯಿಸಿದ ಮುಚ್ಚಳವನ್ನು ನಾಳೆ ಬೇಳೆ ಬೇಯಿಸಲು ಯಾಕೆ ನಂಬಬೇಕು? ಕತ್ತಲಲ್ಲಿ ಮೇಣದ ಬತ್ತಿ ಮಕ್ಕಳ ಕೈಗೆ ಬೇಡ, ಟಾರ್ಚ್ ಇರಲಿ. ಚಳಿ ಅಂತ ಬಾಗಿಲು ಕಿಟಕಿ ಹಾಕಿಕೊಂಡು ಒಳಗೆ ಕೆಂಡದ ಅಗ್ಗಿಷ್ಟಿಕೆ ಇಡುವುದೂ ಬೇಡ. ಅದರಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೇ ಇಲ್ಲ.

ಗ್ಯಾಸಿಗೆ ವಾಸನೆ ಸೇರಿಸಿರುತ್ತಾರೆ, ಅದು ನಮ್ಮ ಪುಣ್ಯ. ಅಡುಗೆ ಅನಿಲ ಗಾಳಿಗಿಂತ ಭಾರ, ನೆಲದಲ್ಲಿ ಹರಡಿ ಕೂರುತ್ತದೆ. ವಾಸನೆ ಬಂದರೆ ಲೈಟ್ ಹಾಕುವುದೂ ಬೇಡ, ಆರಿಸುವುದೂ ಬೇಡ. ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ತೆಗೆದು, ಮಕ್ಕಳನ್ನು ಕರೆದುಕೊಂಡು ಹೊರಗೆ ಬಂದು 1906ಕ್ಕೆ ಫೋನ್ ಮಾಡಿ. ಒಲೆಯ ಗುಬುಟು ತಿರುಗಿಸುವುದು ಮಕ್ಕಳಿಗೆ ಬಹಳ ಖುಷಿ, ಅಡುಗೆ ಮುಗಿದ ಮೇಲೆ ರೆಗ್ಯುಲೇಟರನ್ನೇ ಬಂದ್ ಮಾಡುವ ರೂಢಿ ಇದ್ದರೆ ಆ ಚಿಂತೆ ಇಲ್ಲ. ಗ್ಯಾಸ್ ಪೈಪಿನ ಮೇಲೆ ತಾರೀಖು ಇರುತ್ತದೆ, ನೋಡಿ. ಐದು ವರ್ಷ ಆಗಿದ್ದರೆ ಬದಲಿಸಿ.

ಸುಟ್ಟರೆ ಏನು ಮಾಡಬೇಕು? ನೀರು. ತಣ್ಣನೆಯ, ಹರಿಯುವ ನೀರು, ಪೂರ್ತಿ 20 ನಿಮಿಷ. ಎರಡು ನಿಮಿಷಕ್ಕೆ ಉರಿ ಕಮ್ಮಿಯಾಯಿತು ಅಂತ ಮಗು ಹೇಳುತ್ತದೆ, ನಿಲ್ಲಿಸಬೇಡಿ. ಒಳಗಿನ ಪದರದಲ್ಲಿ ಕಾವು ಇನ್ನೂ ಇಳಿದಿರುವುದಿಲ್ಲ. ಗುಡ್ಡದಿಂದ ತಾನೇ ಹರಿದು ಬರುವ ಅಬ್ಬಿ ನೀರು ಇರುವ ಮನೆಗಳಿಗೆ ತೊಂದರೆಯೇ ಇಲ್ಲ. ಪಂಪಿನ ನೀರಾದರೆ ಕರೆಂಟ್ ಹೋದಾಗ ನಲ್ಲಿ ನಿಂತಿರುತ್ತದೆ, ಹಾಗಾಗಿ ಮಕ್ಕಳ ಅಡುಗೆ ಶುರು ಮಾಡುವ ಮುಂಚೆಯೇ ಎರಡು ಬಕೆಟ್ ತುಂಬಿಸಿ ಮಗ್ ಇಟ್ಟಿರಿ. ನೀರು ಬಿಡುತ್ತಲೇ ಬಳೆ, ಉಂಗುರ, ಬಿಸಿ ಹೀರಿದ ಬಟ್ಟೆ ತೆಗೆಯಿರಿ. ಚರ್ಮಕ್ಕೆ ಅಂಟಿದ್ದರೆ ಮಾತ್ರ ಎಳೆಯಬೇಡಿ. ಮಳೆಗಾಲದ ನೀರು ಕೊರೆಯುತ್ತದೆ, ಸುಟ್ಟ ಜಾಗಕ್ಕೆ ನೀರು, ಉಳಿದ ಮೈಗೆ ಕಂಬಳಿ. ಐಸ್ ಬೇಡ. ಟೂತ್‌ಪೇಸ್ಟ್, ಇಂಕು, ಅರಿಶಿನ, ತುಪ್ಪ, ಅಂಗಳದಿಂದ ಕಿತ್ತ ಲೋಳೆಸರ ಯಾವುದೂ ಬೇಡ. ಇವು ಕಾವನ್ನು ಒಳಗೇ ಹಿಡಿದಿಡಬಹುದು, ನಂಜಾಗಬಹುದು, ಡಾಕ್ಟರಿಗೆ ಗಾಯ ಕಾಣುವುದೂ ಇಲ್ಲ. ಅತ್ತೆ ಜೊತೆ ಈ ಮಾತನ್ನು ಇವತ್ತೇ ಆಡಿ ಮುಗಿಸಿ, ಮಗು ಅಳುತ್ತಿರುವಾಗ ವಾದ ಮಾಡಲಾಗುವುದಿಲ್ಲ. ಗುಳ್ಳೆ ಒಡೆಯಬೇಡಿ. ಒಗೆದು ಒಣಗಿದ ಮೆತ್ತನೆ ಹತ್ತಿ ಬಟ್ಟೆಯನ್ನು ಸಡಿಲವಾಗಿ ಮುಚ್ಚಿ.

ಸುಟ್ಟ ಜಾಗ ಮಗುವಿನ ಅಂಗೈಗಿಂತ ದೊಡ್ಡದಿದ್ದರೆ, ಮುಖ, ಕೈ, ಪಾದ, ಕೀಲು, ಗುಪ್ತಾಂಗದ ಮೇಲಿದ್ದರೆ, ಚರ್ಮ ಬೆಳ್ಳಗೋ ಕಪ್ಪಗೋ ಆಗಿದ್ದರೆ, ಕರೆಂಟಿನಿಂದ ಸುಟ್ಟಿದ್ದರೆ ಆಸ್ಪತ್ರೆಗೆ ಹೋಗಲೇಬೇಕು. ನೋವೇ ಇಲ್ಲ ಅಂದರೆ ಸಮಾಧಾನ ಪಡಬೇಡಿ, ಆಳವಾಗಿ ಸುಟ್ಟಾಗ ನೋವು ತಿಳಿಯದಿರಬಹುದು. ನಿಮ್ಮಲ್ಲಿಂದ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಅರವತ್ತು ಕಿಲೋಮೀಟರ್ ಆಸುಪಾಸು, ಮಳೆಯಲ್ಲಿ ಇನ್ನೂ ತಡ. ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಮೊದಲು ಹೋಗಿ. ಒಬ್ಬರು 108ಕ್ಕೆ ಫೋನ್ ಮಾಡುತ್ತಿರಲಿ, ಇನ್ನೊಬ್ಬರು ನೀರು ಹಾಕುತ್ತಿರಿ. ಆ 20 ನಿಮಿಷ ಬಿಟ್ಟು ಗಾಡಿ ಹತ್ತಬೇಡಿ, ಉಸಿರಾಟಕ್ಕೆ ತೊಂದರೆ ಆದರೆ ಮಾತ್ರ ಕಾಯುವಂತಿಲ್ಲ.

ಅತ್ತೆಯನ್ನು ಒಪ್ಪಿಸುವುದು ಹೇಗೆ ಅಂತ ನೀವು ಕೇಳಿಲ್ಲ, ಆದರೆ ಪ್ರಶ್ನೆಯಲ್ಲೇ ಅದು ಇದೆ. ಕೇಕಿಗಿಂತ ಮೊದಲು ಅವರ ಕೈಯಲ್ಲಿ ಅರಿಶಿನ ಎಲೆ ಕಡುಬು ಮಾಡಿಸಿ. ಈಗ ಹಿತ್ತಲಲ್ಲಿ ಅರಿಶಿನದ ಎಲೆ ಚೆನ್ನಾಗಿ ಬಂದಿರುತ್ತದೆ. ಎಲೆ ಒರೆಸುವುದು ಮಗ, ಅಕ್ಕಿ ಹಿಟ್ಟು ಸವರುವುದು ಮಗಳು, ಕಾಯಿ ಬೆಲ್ಲದ ಹೂರಣ ಇಬ್ಬರೂ. ಮಡಚುವುದನ್ನು ಅತ್ತೆ ಹೇಳಿಕೊಡಲಿ. ಬೆಂಕಿ ಬೇಕಾಗುವುದು ಕೊನೆಗೆ ಮಾತ್ರ. ಬೆಂದ ಮೇಲೆ ಮುಚ್ಚಳವನ್ನು ಆಚೆ ಕಡೆಯಿಂದ ಎತ್ತಬೇಕು, ಆವಿ ಅತ್ತ ಹೋಗುತ್ತದೆ, ಮುಖಕ್ಕೆ ಬರುವುದಿಲ್ಲ. ಆ ಮುಚ್ಚಳ ತೆಗೆಯುವುದು ಅತ್ತೆಯೋ ನೀವೋ, ಒಲೆ ಹಚ್ಚುವ ಮುಂಚೆಯೇ ಮಾತಾಡಿಕೊಳ್ಳಿ. "ಅವರು ನೋಡಿಕೊಳ್ಳುತ್ತಾರೆ" ಅಂತ ನೀವು, "ಇವಳು ನೋಡಿಕೊಳ್ಳುತ್ತಾಳೆ" ಅಂತ ಅವರು ಅಂದುಕೊಂಡರೆ ಮಕ್ಕಳನ್ನು ಯಾರೂ ನೋಡಿಕೊಂಡಂತಾಗುವುದಿಲ್ಲ.